ಕಾಲಿಗೂ ಒಂದು ವೀಡಿಯೊ ಗೇಮ್

ವೀಡಿಯೊ ಗೇಮ್ ಎಂದ ಕೂಡಲೇ ನಮ್ಮ ವಯಸ್ಸಿನವರ ಹುಬ್ಬು ಗಂಟಾಗುತ್ತದೆ. ಮಗು ಸೋಫಾದ ಮೂಲೆಯಲ್ಲಿ ಮುದುಡಿ ಕೂತಿದೆ, ಎರಡು ಹೆಬ್ಬೆರಳು ಮಾತ್ರ ಓಡುತ್ತಿವೆ, ಊಟಕ್ಕೆ ಕರೆದರೆ ಕಿವಿಗೇ ಬೀಳುವುದಿಲ್ಲ. ಇದೇ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಹೆಬ್ಬೆರಳನ್ನು ಬಿಟ್ಟು ಕಾಲಿಗೆ ಕೆಲಸ ಹಚ್ಚುವ ವೀಡಿಯೊ ಗೇಮುಗಳೂ ಇವೆ. ಮಕ್ಕಳೇ, ಈ ವಾರ ನಿಮ್ಮ ಕಡೆಯ ವಕಾಲತ್ತು ನನ್ನದು. ಅಜ್ಜ ಅಜ್ಜಿಯರು ಸಿಟ್ಟಾಗದೆ ಕೊನೆಯವರೆಗೂ ಓದಬೇಕು. ಇದರಲ್ಲಿ ಅವರ ಪಾಲೂ ಇದೆ, ಬಹುಶಃ ದೊಡ್ಡ ಪಾಲೇ ಇದೆ.

1998ರಲ್ಲಿ ಜಪಾನಿನ ಕೊನಾಮಿ ಕಂಪನಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಯಂತ್ರವನ್ನು ಅಲ್ಲಿನ ಆಟದ ಮಳಿಗೆಗಳಿಗೆ ತಂದಿತು. ನೆಲದ ಮೇಲೆ ಒಂದು ಗಟ್ಟಿ ಜಗಲಿ. ಅದರಲ್ಲಿ ನಾಲ್ಕು ಬಾಣದ ಗುರುತಿನ ಮನೆಗಳು: ಎಡ, ಬಲ, ಹಿಂದೆ, ಮುಂದೆ. ಎದುರಿಗೆ ಪರದೆ. ಹಾಡು ಶುರುವಾದರೆ ಪರದೆಯ ಕೆಳಗಿನಿಂದ ಬಾಣಗಳು ಮೇಲಕ್ಕೆ ಏರುತ್ತಾ ಬರುತ್ತವೆ. ಬಾಣ ಮೇಲಿನ ಗುರುತನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಆ ಮನೆಯನ್ನು ಕಾಲಲ್ಲಿ ತುಳಿಯಬೇಕು. ತಾಳಕ್ಕೆ ಸರಿಹೋದರೆ ‘ಪರ್ಫೆಕ್ಟ್’, ಸ್ವಲ್ಪ ಹಿಂದುಮುಂದಾದರೆ ‘ಗುಡ್’, ತಪ್ಪಿದರೆ ‘ಮಿಸ್’. ಒಂದೊಂದು ಹಾಡು ಸುಮಾರು ಒಂದೂವರೆ ನಿಮಿಷ. ಕೇಳಲು ಅಷ್ಟೇ! ಕಷ್ಟದ ಹಾಡೊಂದು ಮುಗಿಯುವಾಗ ಹದಿನೆಂಟರ ಹುಡುಗರೂ ಏದುಸಿರು ಬಿಡುತ್ತಾ ಬೆನ್ನ ಹಿಂದಿನ ಕಂಬಿ ಹಿಡಿದುಕೊಳ್ಳುತ್ತಾರೆ.

ನಮ್ಮ ಕುಂಟೆಬಿಲ್ಲೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲೂ ಚೌಕದ ಮನೆಗಳು, ಅಲ್ಲೂ ಗೆರೆ ತುಳಿಯುವಂತಿಲ್ಲ. ಒಂದು ವ್ಯತ್ಯಾಸ. ಕುಂಟೆಬಿಲ್ಲೆಯಲ್ಲಿ ಮುಂದಿನ ಹೆಜ್ಜೆ ಯಾವಾಗ ಇಡಬೇಕೆಂದು ನಾವೇ ತೀರ್ಮಾನಿಸುತ್ತೇವೆ, ಇಲ್ಲಿ ಹಾಡು ತೀರ್ಮಾನಿಸುತ್ತದೆ. ಯೋಚಿಸುತ್ತಾ ನಿಂತರೆ ಬಾಣ ಹೊರಟೇಹೋಯಿತು.

ಬೇಗನೆ ಇದು ಮನೆಗೂ ಬಂತು. ಟಿ.ವಿ.ಗೆ ಜೋಡಿಸುವ ಚಾಪೆಯ ರೂಪದಲ್ಲಿ. ಚಾಪೆಯೊಳಗೆ ವಿದ್ಯುತ್ ಹರಿಯಬಲ್ಲ ಎರಡು ಪದರಗಳು, ಅವುಗಳ ನಡುವೆ ತೂತುಗಳಿರುವ ತೆಳು ಸ್ಪಂಜು. ಕಾಲಿಟ್ಟರೆ ತೂತಿನಲ್ಲಿ ಮೇಲಿನ ಪದರ ಕೆಳಗಿನದನ್ನು ಮುಟ್ಟುತ್ತದೆ, ಯಂತ್ರಕ್ಕೆ ಸುದ್ದಿ ಹೋಗುತ್ತದೆ. ಕಾಲಿಂಗ್ ಬೆಲ್ಲಿನ ಗುಂಡಿಯ ತತ್ವವೇ. ವಿಜ್ಞಾನದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಮಕ್ಕಳು ಇದನ್ನು ಗುರುತು ಹಾಕಿಕೊಳ್ಳಬಹುದು.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಮಕ್ಕಳ ತೂಕ ಅತಿಯಾಗುತ್ತಿದೆ ಎಂಬ ಚಿಂತೆ ಇತ್ತು. ಅಲ್ಲಿನ ವಿಶ್ವವಿದ್ಯಾಲಯದವರು ಕೆಲವು ಮಕ್ಕಳಿಗೆ ಮನೆಯಲ್ಲೇ ಈ ಆಟ ಆಡಿಸಿ ನೋಡಿದರು. 2006ರ ಜನವರಿಯಲ್ಲಿ ರಾಜ್ಯದ 765 ಸರ್ಕಾರಿ ಶಾಲೆಗಳಿಗೂ ಈ ಆಟ ಒದಗಿಸುವ ಯೋಜನೆ ಪ್ರಕಟವಾಯಿತು. ಇದಕ್ಕೆ ಕೈಜೋಡಿಸಿದವರಲ್ಲಿ ರಾಜ್ಯ ಸರ್ಕಾರಿ ನೌಕರರ ಆರೋಗ್ಯ ವಿಮೆ ನೋಡಿಕೊಳ್ಳುವ ಸಂಸ್ಥೆಯೂ ಇತ್ತು. ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ನೋಡಿದವನಿಗೆ ಇದು ಬಹಳ ಹಿಡಿಸಿತು. ವಿಮೆಯವರು ಸುಮ್ಮನೆ ಆಟದ ಸಾಮಾನಿಗೆ ದುಡ್ಡು ಬಿಚ್ಚುವ ಜನವಲ್ಲ. ಇಂದು ಮಗುವಿನ ಚಾಪೆಗೆ ಕೊಟ್ಟರೆ ನಾಳೆ ಆಸ್ಪತ್ರೆಯ ಬಿಲ್ಲಿನಲ್ಲಿ ಉಳಿಯುತ್ತದೆ ಎಂಬ ಲೆಕ್ಕ ಅವರದು.

ಆಮೇಲೆ ಬೇರೆ ಬಗೆಯ ಆಟಗಳು ಬಂದವು. 2009ರಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ನಿಂಟೆಂಡೊದ ‘ವೀ’ ಯಂತ್ರಕ್ಕಾಗಿ ‘ಜಸ್ಟ್ ಡ್ಯಾನ್ಸ್’ ತಂದಿತು. ಪರದೆಯ ಮೇಲೆ ಒಬ್ಬರು ಕುಣಿಯುತ್ತಾರೆ, ಕನ್ನಡಿಯಲ್ಲಿ ನೋಡಿದಂತೆ ನಾವೂ ಕುಣಿಯಬೇಕು. ಚಾಪೆ ಬೇಡ, ಕೈಯಲ್ಲಿ ರಿಮೋಟ್ ಹಿಡಿದರೆ ಸಾಕು. ಮರುವರ್ಷ ಮೈಕ್ರೋಸಾಫ್ಟ್‌ನ ‘ಕಿನೆಕ್ಟ್’ ಎಂಬ ಕ್ಯಾಮೆರಾ ಬಂತು, ಇಡೀ ಮೈಯನ್ನು ನೋಡುವಂಥದ್ದು. ಅದರ ತಯಾರಿಕೆ 2017ರಲ್ಲಿ ನಿಂತಿತು. ಈಗ ಮೊಬೈಲನ್ನೇ ರಿಮೋಟಿನಂತೆ ಹಿಡಿದು ಕುಣಿಯುವ ಆಟಗಳಿವೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಎಂಟನೇ ತರಗತಿಯ ನನ್ನ ಮೊಮ್ಮಗಳು ಒಂದು ಭಾನುವಾರ ಮೊಬೈಲ್ ಹಿಡಿದು ಆಡುತ್ತಿದ್ದಳು. ನಾನು ಪೇಪರ್ ಮಡಚಿಟ್ಟು ನೋಡುತ್ತಿದ್ದೆ. ಮೂರನೇ ಹಾಡಿಗೆ ಅವಳು ಸೋಫಾದಲ್ಲಿ ಅಂಗಾತ ಮಲಗಿ, ಬಲಗೈ ಒಂದನ್ನೇ ಗಾಳಿಯಲ್ಲಿ ಬೀಸತೊಡಗಿದಳು.

“ನೋಡು ತಾತ, ಮಲಗಿಕೊಂಡೇ ನಾಲ್ಕು ಸ್ಟಾರ್!”

ನಿಜವಾಗಿಯೂ ನಾಲ್ಕು ಸ್ಟಾರ್ ಬಂದಿತ್ತು. ಕೈಯಲ್ಲಿರುವ ಸಾಧನ ಕೈಯ ಚಲನೆಯನ್ನಷ್ಟೇ ಅಳೆಯುತ್ತದೆ. ಕಾಲು ಎಲ್ಲಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಲೆಡ್ಜರಿನಲ್ಲಿ ಬರೆಯದ ಮೊತ್ತ ಬ್ಯಾಂಕಿನ ಪಾಲಿಗೆ ಇಲ್ಲವೇ ಇಲ್ಲ, ಹಾಗೆ. ಆದ್ದರಿಂದ ಆಟ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ಇದು ಹೆಜ್ಜೆಯನ್ನು ಎಣಿಸುತ್ತದೆಯೇ? ಎಣಿಸದಿದ್ದರೆ ಹೆಜ್ಜೆ ಎಣಿಸುವವರು ಒಬ್ಬರು ಪಕ್ಕದಲ್ಲಿ ಇರಬೇಕು. ನಮ್ಮ ಮನೆಯಲ್ಲಿ ಆ ಹುದ್ದೆ ಸದ್ಯ ನನ್ನದು.

ಹೆಜ್ಜೆಗೆ ಇಷ್ಟು ಮಹತ್ವ ಏಕೆ? ಅಜ್ಜ ಅಜ್ಜಿಯರ ಪಾಲು ಶುರುವಾಗುವುದು ಇಲ್ಲಿಂದಲೇ.

ನನ್ನ ಜೊತೆ ಕೌಂಟರಿನಲ್ಲಿ ಕೂರುತ್ತಿದ್ದ ಗೆಳೆಯರೊಬ್ಬರು ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿದರು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಭಯ ಹತ್ತಿಕೊಂಡಿತು. ಮೊದಲು ಸಂಜೆಯ ವಾಕಿಂಗ್ ನಿಂತಿತು, ಆಮೇಲೆ ತರಕಾರಿಗೆ ಹೋಗುವುದು, ಆಮೇಲೆ ಮದುವೆ ಮುಂಜಿ. ನಡೆಯದ ಕಾಲು ಸೊರಗಿತು, ಸೊರಗಿದ ಕಾಲಿಗೆ ಭಯ ಇನ್ನೂ ಹೆಚ್ಚಿತು. ಈಗ ಅವರ ಪ್ರಪಂಚ ಕುರ್ಚಿಯಿಂದ ಮಂಚದವರೆಗೆ. ಇಂಥವರು ಓದುಗರ ಮನೆಗಳಲ್ಲೂ ಇರಬಹುದು.

ಎಡವಿದಾಗ ನಮ್ಮನ್ನು ಉಳಿಸುವುದು ಒಂದು ಹೆಜ್ಜೆ. ಥಟ್ಟನೆ, ಸರಿಯಾದ ದಿಕ್ಕಿಗೆ ಇಟ್ಟ ಒಂದು ಹೆಜ್ಜೆ. ಅದನ್ನಿಡಲು ಮೈಭಾರವನ್ನು ಕ್ಷಣಮಾತ್ರ ಒಂಟಿ ಕಾಲಿನ ಮೇಲೆ ಹೊರಬೇಕು, ಇನ್ನೊಂದು ಕಾಲು ಎಲ್ಲಿಗೆ ಹೋಗಬೇಕೆಂದು ತಲೆ ಬೇಗ ನಿರ್ಧರಿಸಬೇಕು. ವಯಸ್ಸಾದಂತೆ ಎರಡೂ ನಿಧಾನವಾಗುತ್ತವೆ. ಬಾಣ ನೋಡಿ ಮನೆ ತುಳಿಯುವ ಆಟ ತಿದ್ದಿಸುವುದು ಇದೇ ಅಕ್ಷರವನ್ನು, ಮತ್ತೆ ಮತ್ತೆ.

ಆಸ್ಟ್ರೇಲಿಯಾದ ಸಿಡ್ನಿಯ ಸಂಶೋಧಕರು ಈ ಜಾಡು ಹಿಡಿದು, ಮಕ್ಕಳ ಆಟವನ್ನು ಹಿರಿಯರಿಗೆ ಒಗ್ಗುವಂತೆ ನಿಧಾನಗೊಳಿಸಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2024ರಲ್ಲಿ ಪ್ರಕಟವಾದ ಅವರ ದೊಡ್ಡ ಪರೀಕ್ಷೆಯಲ್ಲಿ 65 ದಾಟಿದ 769 ಮಂದಿ ಇದ್ದರು. ಒಂದು ಗುಂಪು ಮನೆಯಲ್ಲೇ ಚಾಪೆಯ ಮೇಲೆ ನಿಂತು ಹೆಜ್ಜೆ ಇಡುವ ಆಟಗಳನ್ನು ಆಡಿತು. ವಾರಕ್ಕೆ ಎರಡು ಗಂಟೆ, ಒಂದು ವರ್ಷ ಎಂಬುದು ಗುರಿ. ಇನ್ನೊಂದು ಗುಂಪು ಅಂಥವೇ ಆಟಗಳನ್ನು ಕೂತು, ಕೈಯಲ್ಲಿ ಆಡಿತು. ಮೂರನೆಯದಕ್ಕೆ ಆಟವಿಲ್ಲ. ನಿಂತು ಆಡಿದವರಲ್ಲಿ ಬೀಳುವುದು, ಆಟವಿಲ್ಲದವರಿಗಿಂತ ಶೇಕಡಾ 26ರಷ್ಟು ಕಡಿಮೆಯಾಯಿತು. ಮಕ್ಕಳೇ, ಅಂದರೆ ಒಂದು ಕಡೆ ನೂರು ಸಲ ಬಿದ್ದರೆ ಈ ಕಡೆ 74 ಸಲ. ಕೂತು ಆಡಿದವರಲ್ಲಿ ಇಷ್ಟು ಗಟ್ಟಿಯಾದ ಫಲ ಕಾಣಲಿಲ್ಲ. ಸೋಫಾದ ನಾಲ್ಕು ಸ್ಟಾರಿಗೆ ಇದಕ್ಕಿಂತ ಉತ್ತರ ಬೇಕೇ?

ಇನ್ನು ಮಕ್ಕಳ ಲೆಕ್ಕ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ವಯಸ್ಸಿನವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಹದವಾದ ವ್ಯಾಯಾಮ, ಅದರ ಜೊತೆ ಮೂರು ದಿನವಾದರೂ ಸಮತೋಲನದ ಅಭ್ಯಾಸ. ಅರ್ಧ ಗಂಟೆ ಕುಣಿದರೆ ಮೊಮ್ಮಗುವಿನ ಅರ್ಧ ಲೆಕ್ಕ ಚುಕ್ತಾ. ಉಳಿದರ್ಧ ಬಯಲಲ್ಲೇ ಆಗಲಿ ಎಂಬುದು ನನ್ನ ಹಟ. ಬಿಸಿಲು, ಮಣ್ಣು, ಜಗಳ ಯಾವ ಯಂತ್ರದಲ್ಲೂ ಸಿಗುವುದಿಲ್ಲ.

ಒಬ್ಬೊಬ್ಬರೇ ಆಡಿದರೆ ಬೇಸರ ಬರುತ್ತದೆ ಎಂಬುದನ್ನೂ ಹೇಳಬೇಕು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳಿಗೆ ಇಂಥ ಆಟ ಕೊಟ್ಟು ನೋಡಿದಾಗ, ಮನೆಯಲ್ಲಷ್ಟೇ ಆಡಿದವರಲ್ಲಿ ಬಹಳ ಮಂದಿ ಕೈಬಿಟ್ಟರು. ವಾರಕ್ಕೊಮ್ಮೆ ಜೊತೆಗೂಡಿ ಆಡಿದವರು ಹೆಚ್ಚು ಹೊತ್ತು ಆಡಿದರು, ಬಿಟ್ಟವರೂ ಕಡಿಮೆ. ಜೊತೆಗಾರರಿಗೆ ಎಲ್ಲಿ ಹುಡುಕುವುದು? ಮನೆಯಲ್ಲೇ ಒಬ್ಬರು ಎಪ್ಪತ್ತು ದಾಟಿದವರು ಬಿಡುವಾಗಿದ್ದಾರಲ್ಲ!

ಹಿರಿಯರಿಗೆ ನಾಲ್ಕು ಎಚ್ಚರಿಕೆಯ ಮಾತು. ಮಂಡಿನೋವು, ತಲೆಸುತ್ತು, ಬಿ.ಪಿ. ಇದ್ದವರು ಮೊದಲು ತಮ್ಮ ಡಾಕ್ಟರನ್ನು ಕೇಳಿ. ಟೈಲ್ಸ್ ನೆಲದ ಮೇಲೆ ಪ್ಲಾಸ್ಟಿಕ್ ಚಾಪೆ ಜಾರುತ್ತದೆ, ಅಡಿಯಲ್ಲಿ ರಬ್ಬರ್ ಹಾಸು ಬೇಕು. ಕಾಲುಚೀಲ ಬೇಡವೇ ಬೇಡ. ಮುಂದೆ ಒಂದು ಭಾರದ ಕುರ್ಚಿಯ ಬೆನ್ನಿರಲಿ, ಹಿಡಿಯಲು. ನೆಗೆಯುವುದು ಮಕ್ಕಳಿಗೆ ಬಿಟ್ಟದ್ದು, ನಾವು ಹೆಜ್ಜೆ ಎತ್ತಿ ಇಟ್ಟರೆ ಸಾಕು. ಫ್ಲ್ಯಾಟಿನಲ್ಲಿರುವ ಮಕ್ಕಳೇ, ರಾತ್ರಿ ಎಂಟರ ಮೇಲೆ ನೆಗೆದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ.

ಯಂತ್ರ, ಚಾಪೆ ಕೊಳ್ಳಲೇಬೇಕೆಂದಿಲ್ಲ. ನಮ್ಮ ಮನೆಯ ವರಾಂಡದಲ್ಲಿ ಮೊಮ್ಮಗಳು ಸೀಮೆಸುಣ್ಣದಲ್ಲಿ ಐದು ಚೌಕ ಬರೆದಿದ್ದಾಳೆ. ನಡುವಿನದು ನಿಲ್ಲುವ ಮನೆ, ಸುತ್ತ ನಾಲ್ಕು ಬಾಣ. ಮೊಬೈಲಿನಲ್ಲಿ ಹಾಡು ಹಾಕಿ, ಒಬ್ಬರು ತಾಳಕ್ಕೆ ಸರಿಯಾಗಿ “ಎಡ, ಬಲ, ಹಿಂದೆ, ಮುಂದೆ” ಎಂದು ಕೂಗಬೇಕು. ಪ್ರತಿ ಸಲವೂ ಹೆಜ್ಜೆ ಇಟ್ಟು ನಡುಮನೆಗೆ ವಾಪಸ್ ಬರಬೇಕು. ಗೆರೆ ತುಳಿದರೆ ಒಂದು ಅಂಕ ಖೋತಾ. ಇಪ್ಪತ್ತು ಹೆಜ್ಜೆಗೆ ಪಾಳಿ ಬದಲು. ಹಿರಿಯರ ಪಾಳಿಗೆ ಕೂಗುವ ವೇಗ ಅರ್ಧ. ಇದು ಮೊಮ್ಮಗಳು ಮಾಡಿದ ನಿಯಮ, ಅವಳ ಅಜ್ಜಿ ಮೂರನೇ ದಿನಕ್ಕೇ ರದ್ದು ಮಾಡಿಸಿದಳು.