ಕೈದಿಯಲ್ಲಿ 'ಕೈ' ಇಲ್ಲ

ಗಾಂಧೀಜಿ 1932ರಲ್ಲಿ ಉಪವಾಸ ಕೂತ ಯೆರವಡಾ ಜೈಲನ್ನು ಬಸ್ಸಿನಿಂದ ತೋರಿಸುತ್ತಾ ಪುಣೆಯ ಗೆಳೆಯ ಮರಾಠಿಯಲ್ಲಿ 'ಕೈದಿ' ಅಂದ. ಅರೆ, ನಮ್ಮದೇ ಶಬ್ದ! ಕೈ ಕಟ್ಟಿಸಿಕೊಂಡವನು ಕೈದಿ ಅಂತ ಹೈಸ್ಕೂಲಿನಿಂದಲೂ ನಂಬಿದ್ದೆ. (ಹಳಗನ್ನಡದ 'ಕೈದು' ಬೇರೆ, ಅದು ಆಯುಧ.) ಮೂಲ ನೋಡಿದರೆ ಅರಬ್ಬಿಯ 'ಕಯ್ಯದ' ಎಂಬ ಕ್ರಿಯಾಪದ: ಸಂಕೋಲೆ ತೊಡಿಸಿದನು. ಅದಕ್ಕೆ ಇನ್ನೊಂದರ್ಥವೂ ಉಂಟು, ಪುಸ್ತಕದಲ್ಲಿ ಬರೆದುಕೊಂಡನು. ನಾವು ಕಾಮರ್ಸಿನವರು ದಿನಾ ಗೀಚುವ ಜರ್ನಲ್ ಎಂಟ್ರಿಗೆ ಅರಬರು ಇಂದಿಗೂ 'ಕಯ್ದ್' ಅಂತಾರೆ. ಸೆರೆಯಾಳಿಗೆ ಅವರಲ್ಲಿ ಬಳಕೆಯ ಮಾತು 'ಸಜೀನ್'. ಜೈಲಿನಲ್ಲೂ ಮೊದಲು ಹೆಸರು ಪುಸ್ತಕಕ್ಕೆ ಬೀಳುತ್ತದೆ, ಬಾಗಿಲು ಹಾಕುವುದು ಆಮೇಲೆ.

ಪರಭಾಷೆಯ ಶಬ್ದ ಬೇಡ ಎನ್ನುವ ಮಿತ್ರರೇ, 'ಸೆರೆಯಾಳು' ಚೆಂದವೇ. ಆದರೆ ಕೈದಿಯನ್ನು ಓಡಿಸಿದರೆ ಜಮಾ, ಬಾಕಿ, ವಸೂಲಿಗಳೂ ಹೋಗಬೇಕು. ಆಗ ನಮ್ಮ ಲೆಕ್ಕದ ಪುಸ್ತಕ ಖಾಲಿ. ಆ 'ಖಾಲಿ'ಯೂ ಅರಬ್ಬಿಯದೇ.