ರೋಬೊ ಬೇಡ, ಗಾಳಿ ಸಾಕು

ಆಟೊಮೇಷನ್ ಎಂದೊಡನೆ ಕಣ್ಮುಂದೆ ಬರುವುದು ಲಕ್ಷಾಂತರ ರೂಪಾಯಿಯ ರೋಬೊ. ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಗೆ ಅದು ಎಟುಕದು. ಹಳೆಯ ಡ್ರಿಲ್ಲಿಂಗ್ ಯಂತ್ರಕ್ಕೇ ನ್ಯೂಮ್ಯಾಟಿಕ್ ಸಿಲಿಂಡರ್, ಸೊಲೆನಾಯ್ಡ್ ವಾಲ್ವ್, ಲಿಮಿಟ್ ಸ್ವಿಚ್, ಪುಟ್ಟ ಪಿಎಲ್‌ಸಿ ಜೋಡಿಸಿದರೂ ಸಾಕು. ಸುಮಾರು 6 ಬಾರ್ ಒತ್ತಡದ ಗಾಳಿಯೇ ಬಿಡಿಭಾಗವನ್ನು ಬಿಗಿಯಾಗಿ ಹಿಡಿಯುತ್ತದೆ, ಡ್ರಿಲ್ಲನ್ನು ಇಳಿಸಿ ಮೇಲೆತ್ತುತ್ತದೆ. ಆಪರೇಟರ್‌ಗೆ ಉಳಿಯುವುದು ಬಿಡಿಭಾಗ ಇಟ್ಟು ತೆಗೆಯುವ ಕೆಲಸ. ಒಬ್ಬರೇ ಎರಡು ಯಂತ್ರ ನೋಡಿಕೊಳ್ಳಬಹುದು.

ಹಾಗಾದರೆ ಇನ್ನೊಬ್ಬರ ಗತಿ? ಈ ಆತಂಕ ಸುಳ್ಳಲ್ಲ. ಆದರೆ ದರದ ಪೈಪೋಟಿಯಲ್ಲಿ ಆರ್ಡರ್ ಕೈತಪ್ಪಿದರೆ ಇಬ್ಬರಿಗೂ ಕೆಲಸವಿಲ್ಲ. ಉಳಿದ ಹಣದಲ್ಲಿ ಒಂದು ಪಾಲು ಅವರಿಗೆ ಸೆಟ್ಟಿಂಗ್, ದುರಸ್ತಿ ಕಲಿಸಲು ಖರ್ಚಾಗಲಿ. ಬಿ.ಇ. ಓದುವ ನಾವೂ ಕೋಡಿಂಗ್ ಜೊತೆಗೆ ವಾಲ್ವ್ ಬಿಚ್ಚಿ ಜೋಡಿಸುವುದನ್ನು ಕಲಿಯೋಣ. ಅದೂ ಅನ್ನ ಕೊಡುವ ವಿದ್ಯೆಯೇ.