ಬೊಡ್ಡೆ ಕೀಳದ ಕೆಲಸಕ್ಕೆ ಬಿಲ್ ಯಾಕೆ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆ ಭಾಗದ ಹೊಲಗಳಿಗೆ ಮುಟ್ಟುವುದಿಲ್ಲ ಎಂಬ ಕೂಗು ಹಳೆಯದು. ಮೇಲ್ಭಾಗದ ಅಕ್ರಮ ನೀರಾವರಿ, ಜಲಾಶಯದ ಹೂಳು ಇದಕ್ಕೆ ದೊಡ್ಡ ಕಾರಣಗಳು, ನಿಜ. ಆದರೆ ಉಪಕಾಲುವೆಗಳ ಒಡ್ಡು ಹಿಡಿದು ನಿಂತ ಬಳ್ಳಾರಿ ಜಾಲಿ ನಾವೇ ಸಾಕಿಕೊಂಡ ಪೀಡೆ. ನೀರು ಬಿಡುವ ಮುಂಚೆ ‘ಜಂಗಲ್ ಕಟಿಂಗ್’ ಹೆಸರಲ್ಲಿ ಕಂಟಿ ಸವರುತ್ತಾರೆ, ಅಳತೆ ಪುಸ್ತಕ ತುಂಬುತ್ತದೆ, ಬಿಲ್ ಪಾಸಾಗುತ್ತದೆ. ನಾಲ್ಕು ಮಳೆ ಬೀಳಲಿ, ಒಂಟಿ ಕಾಂಡವಿದ್ದ ಬೊಡ್ಡೆಯ ಸುತ್ತ ಚಿಗುರಿನ ಪೊದೆಯೇ ಎದ್ದಿರುತ್ತದೆ. ಬೊಡ್ಡೆ ಕೀಳದ ಕೆಲಸಕ್ಕೆ ಒಂದು ರೂಪಾಯಿಯನ್ನೂ ಕೊಡಬಾರದು ಎನ್ನುವುದು ನನ್ನ ವಾದ.

ಮಧ್ಯ ಅಮೆರಿಕ ಕಡೆಯ ಈ ಗಿಡವನ್ನು 1870ರ ದಶಕದಲ್ಲಿ ಉರುವಲಿಗೆಂದು ಭಾರತಕ್ಕೆ ತಂದರು. ಇದರ ಚಿಗುರುಗಣ್ಣು ಮಣ್ಣಿನೊಳಗಿನ ಬುಡದಲ್ಲಿರುತ್ತದೆ. ಸುಮಾರು ಒಂದು ಅಡಿ ಆಳಕ್ಕೆ ಬೇರು ಕಡಿದರಷ್ಟೇ ಸಾಯುತ್ತದೆ, ಮೇಲೆ ಕಡಿದರೆ ಇನ್ನಷ್ಟು ದಟ್ಟವಾಗುತ್ತದೆ. ಜೊತೆಗೆ ಸಿಹಿ ಕಾಯಿಯ ಆಸೆಗೆ ದನ, ಕುರಿ, ಆಡು ತಿಂದ ಬೀಜ ಹಿಕ್ಕೆ ಸಗಣಿಯಲ್ಲಿ ಸಾಯದೆ ಹೊರಬರುತ್ತದೆ. ದೇವದುರ್ಗದ ಹತ್ತಿ, ತೊಗರಿ ಹೊಲಕ್ಕೆ ಗೊಬ್ಬರದ ಬಂಡಿಯಲ್ಲೇ ಜಾಲಿಯೂ ಹೋಗಬಲ್ಲದು. ಬೆರಳುದ್ದದ ಸಸಿಯಿದ್ದಾಗ ಹಸಿ ಮಣ್ಣಿನಿಂದ ಕೈಯಲ್ಲೇ ಕಿತ್ತರಾಯಿತು. ಮೂರು ವರ್ಷ ಬಿಟ್ಟರೆ ಜೆಸಿಬಿ ಬೇಕು. ರಾಯಚೂರು ನಗರದ ಖಾಲಿ ಸೈಟುಗಳ ಮಾಲೀಕರಿಗೂ ಈ ಮಾತು ಸಲ್ಲುತ್ತದೆ.

ಬೊಡ್ಡೆ ಕಿತ್ತರೆ ಎರೆಮಣ್ಣಿನ ಒಡ್ಡು ಕುಸಿಯುತ್ತದೆ ಎಂಬುದು ಎಂಜಿನಿಯರುಗಳ ಆಕ್ಷೇಪ. ತಳ್ಳಿಹಾಕುವಂಥದ್ದಲ್ಲ. ಆದರೆ ಬೇರು ಬಿಟ್ಟರೂ ಕಾಲುವೆಯ ಲೈನಿಂಗ್ ಬಿರಿಯುತ್ತದೆ. ನೀರು ನಿಂತ ಬೇಸಿಗೆಯಲ್ಲಿ ಕಿತ್ತು, ಗುಂಡಿಗೆ ಗರಸು ತುಂಬಿ ದಮ್ಮಸು ಹೊಡೆಯುವುದನ್ನೂ ಅಂದಾಜುಪಟ್ಟಿಗೆ ಸೇರಿಸಬೇಕು. ಇದ್ದಿಲು ಸುಡುವವರ, ಸೌದೆ ಆಯುವ ಹೆಂಗಸರ ಹೊಟ್ಟೆಪಾಡಿನ ಪ್ರಶ್ನೆ ಇದಕ್ಕಿಂತ ತೂಕದ್ದು. ಹಾಗೆಂದೇ ಜಿಲ್ಲೆಯಿಂದ ಜಾಲಿಯನ್ನೇ ಅಳಿಸುವ ಘೋಷಣೆಗೆ ನನ್ನ ಒಪ್ಪಿಗೆ ಇಲ್ಲ. ತಮಿಳುನಾಡಿನಲ್ಲಿ ಹೈಕೋರ್ಟ್ ಆದೇಶದಂತೆ ಶುರುವಾದ ಸಾರಾಸಗಟು ತೆರವಿಗೆ 2017ರಲ್ಲಿ ಅದೇ ಹೈಕೋರ್ಟ್ ತಡೆ ಕೊಡಬೇಕಾಯಿತು. ಮೊದಲು ಕಾಲುವೆ, ಕೆರೆ ಅಂಗಳ, ಹೊಲದ ಬದು ಸ್ವಚ್ಛವಾಗಲಿ. ಕಿತ್ತ ಕಟ್ಟಿಗೆ ಕಿತ್ತವರಿಗೇ ಸೇರಲಿ. ಉಳಿದ ಕಡೆ ಕಾಯಿ ಉದುರುವಾಗ ಕೂಲಿ ಕೊಟ್ಟು ಆರಿಸಿ, ಬೀಜ ಪುಡಿಯಾಗುವಂತೆ ಬೀಸಿದರೆ ಮೇವೂ ಆಗುತ್ತದೆ, ಹಬ್ಬುವುದೂ ತಗ್ಗುತ್ತದೆ.

ಇದಕ್ಕೆ ಖರ್ಚು ಜಾಸ್ತಿ ಎನ್ನುವವರು ಸವರಿದ್ದನ್ನೇ ಮತ್ತೆ ಸವರುವ ಲೆಕ್ಕವನ್ನೂ ಕೂಡಿಸಿ ನೋಡಲಿ. ಗುತ್ತಿಗೆ ಮೊತ್ತದಲ್ಲಿ ಒಂದು ಭಾಗವನ್ನು ಮೂರನೇ ಮಳೆಗಾಲದವರೆಗೆ ತಡೆಹಿಡಿಯಬೇಕು. ಮರುಚಿಗುರು ಇಲ್ಲವೆಂದು ಕೊನೆ ಭಾಗದ ನೀರು ಬಳಕೆದಾರರ ಸಂಘ ಸಹಿ ಹಾಕಿದ ಮೇಲೆ ಮಾತ್ರ ಆ ಹಣ ಬಿಡುಗಡೆಯಾಗಲಿ.